ಎಲೆಕ್ಟ್ರಾನ್ ವಿನ್ಯಾಸ: ಬಾಣದ ಚಿತ್ರ ಬಿಡಿ, ಕೋಷ್ಟಕ ಓದಿ

ಹೈಸ್ಕೂಲಿನಲ್ಲಿ ಕ್ಯಾಲ್ಸಿಯಂ ಎಂದರೆ 2, 8, 8, 2. ಹಾಗೆ ಬರೆದರೆ ಪೂರ್ತಿ ಅಂಕ. ಆದರೆ ಮೂರನೇ ಕವಚಕ್ಕೆ 18 ಎಲೆಕ್ಟ್ರಾನ್ ಹಿಡಿಸುತ್ತದೆ ಎಂದೂ ಓದಿರುತ್ತೇವೆ. ಅಲ್ಲಿ ಇನ್ನೂ ಹತ್ತಕ್ಕೆ ಜಾಗವಿದ್ದರೂ ಕೊನೆಯ ಎರಡು ಎಲೆಕ್ಟ್ರಾನ್ ನಾಲ್ಕನೇ ಕವಚಕ್ಕೆ ಹೋದದ್ದೇಕೆ? ಪಿಯುಗೆ ಬಂದ ಮೇಲೆ ಇದಕ್ಕೆ ಉತ್ತರ ಸಿಗಬೇಕು. ಬಹಳ ಮಕ್ಕಳ ಕೈಗೆ ಸಿಗುವುದು ಎಲೆಕ್ಟ್ರಾನ್ ತುಂಬುವ ಕ್ರಮ ತೋರಿಸುವ ಓರೆ ಬಾಣಗಳ ಚಿತ್ರ. ಅದನ್ನು ಉರು ಹೊಡೆದವರಿಗೆ ಒಂದು ಬಾಣ ಮರೆತರೆ ಮುಂದಿನದೆಲ್ಲ ತಪ್ಪು. ಆವರ್ತ ಕೋಷ್ಟಕದ ಆಕಾರ ನೆನಪಿದ್ದರೆ ಆ ಚಿತ್ರವೇ ಬೇಕಾಗಿಲ್ಲ.

ಮೊದಲು ಜಾಗದ ಲೆಕ್ಕ. ಪ್ರತಿ ಕವಚದೊಳಗೆ ಉಪಕವಚಗಳಿವೆ: ಎಸ್, ಪಿ, ಡಿ, ಎಫ್. ಇವುಗಳಲ್ಲಿ ಕ್ರಮವಾಗಿ 1, 3, 5, 7 ಕಕ್ಷಕಗಳು (ಆರ್ಬಿಟಲ್, ಅಂದರೆ ಎಲೆಕ್ಟ್ರಾನ್ ಇರುವ ಜಾಗ). ಒಂದು ಕಕ್ಷಕದಲ್ಲಿ ಎರಡೇ ಎಲೆಕ್ಟ್ರಾನ್, ಅವೂ ವಿರುದ್ಧ ಸ್ಪಿನ್ ಉಳ್ಳವು. ಇದು 1925ರಲ್ಲಿ ವುಲ್ಫ್‌ಗ್ಯಾಂಗ್ ಪೌಲಿ ಹೇಳಿದ ನಿಯಮ. ಹಾಗಾಗಿ ಎಸ್‌ಗೆ 2, ಪಿಗೆ 6, ಡಿಗೆ 10, ಎಫ್‌ಗೆ 14. ಮೂರನೇ ಕವಚದಲ್ಲಿ ಎಸ್, ಪಿ, ಡಿ ಮೂರೂ ಇರುವುದರಿಂದ 2+6+10, ಅಂದರೆ 18.

ಈಗ ಕೋಷ್ಟಕ ನೋಡಿ. ಎಡಗಡೆಯ ಎರಡು ಕಂಬಸಾಲು ಎಸ್, ಬಲಗಡೆಯ ಆರು ಪಿ, ನಡುವಿನ ಹತ್ತು ಡಿ, ಕೆಳಗೆ ಬೇರೆಯಾಗಿ ಅಚ್ಚು ಹಾಕಿರುವ ಹದಿನಾಲ್ಕು ಎಫ್. ಅಗಲವೇ ಲೆಕ್ಕ ಹೇಳುತ್ತದೆ. (ಹೀಲಿಯಂ ಮಾತ್ರ ಬಲತುದಿಯಲ್ಲಿದ್ದರೂ ಎಸ್‌ನದು.) ಎಸ್ ಮತ್ತು ಪಿಗೆ ಕವಚದ ಸಂಖ್ಯೆಯಾಗಿ ಅಡ್ಡಸಾಲಿನ ಸಂಖ್ಯೆಯನ್ನೇ ಹಾಕಿ, ಡಿಗೆ ಒಂದು ಕಡಿಮೆ, ಎಫ್‌ಗೆ ಎರಡು ಕಡಿಮೆ. ಎಡದಿಂದ ಬಲಕ್ಕೆ ಓದಿದರೆ ನಾಲ್ಕನೇ ಸಾಲು 4ಎಸ್, 3ಡಿ, 4ಪಿ. ಆರನೆಯದು 6ಎಸ್, 4ಎಫ್, 5ಡಿ, 6ಪಿ.

ಕ್ಯಾಲ್ಸಿಯಂ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಎಸ್ ಎಲೆಕ್ಟ್ರಾನ್ ಒಳಗಿನ ಎಲೆಕ್ಟ್ರಾನ್‌ಗಳ ನಡುವೆ ತೂರಿ ನ್ಯೂಕ್ಲಿಯಸ್‌ನ ಹತ್ತಿರಕ್ಕೂ ಬರುತ್ತದೆ. ಡಿ ಎಲೆಕ್ಟ್ರಾನ್‌ಗೆ ಅದು ಅಷ್ಟಾಗಿ ಸಾಧ್ಯವಿಲ್ಲ. ಆದ್ದರಿಂದ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಲ್ಲಿ 4ಎಸ್‌ನ ಶಕ್ತಿ 3ಡಿಗಿಂತ ಕಡಿಮೆ. ಕಡಿಮೆ ಶಕ್ತಿಯದು ಮೊದಲು ತುಂಬುತ್ತದೆ.

ಕಬ್ಬಿಣ ಬರೆಯೋಣ, ಪರಮಾಣು ಸಂಖ್ಯೆ 26. ಒಂದೊಂದು ಉಪಕವಚ ಬರೆದಂತೆ ಮೊತ್ತವನ್ನೂ ಎಣಿಸುತ್ತ ಹೋಗಿ: 1ಎಸ್² (2), 2ಎಸ್² (4), 2ಪಿ⁶ (10), 3ಎಸ್² (12), 3ಪಿ⁶ (18), 4ಎಸ್² (20). ಉಳಿದ ಆರು 3ಡಿಗೆ. ಮೊದಲ 18 ಎಂದರೆ ಆರ್ಗಾನ್‌ನದೇ ವಿನ್ಯಾಸ, ಆದ್ದರಿಂದ ಚಿಕ್ಕದಾಗಿ [ಆರ್ಗಾನ್] 3ಡಿ⁶ 4ಎಸ್². ರಾಜಾನಿಲಗಳ ಸಂಖ್ಯೆ 2, 10, 18, 36, 54, 86 ಬಾಯಿಗೆ ಬಂದಿದ್ದರೆ ಎಷ್ಟೋ ಸಮಯ ಉಳಿಯುತ್ತದೆ. ಉರು ಹೊಡೆಯಲೇಬೇಕೆಂದರೆ ಇದನ್ನು ಹೊಡೆಯಿರಿ.

ಕಕ್ಷಕಕ್ಕೊಂದು ಚೌಕ ಬರೆದು ತೋರಿಸಲು ಹೇಳಿದರೆ ಹುಂಡ್ ನಿಯಮ ಬೇಕು: ಡಿಯ ಐದು ಚೌಕಗಳಿಗೂ ಮೊದಲು ಒಂದೊಂದು, ಆರನೆಯದು ಬಂದಾಗಷ್ಟೇ ಜೋಡಿ. ಕಬ್ಬಿಣದಲ್ಲಿ ಹೀಗೆ ನಾಲ್ಕು ಎಲೆಕ್ಟ್ರಾನ್ ಒಂಟಿಯಾಗಿ ಉಳಿಯುತ್ತವೆ.

ಅಂಕ ಹೆಚ್ಚು ಸೋರುವುದು ಅಯಾನಿನಲ್ಲಿ, ಅಂದರೆ ಆವೇಶ ಹೊತ್ತ ಪರಮಾಣುವಿನಲ್ಲಿ. ಎರಡು ಧನಾವೇಶದ (ಎರಡು ಎಲೆಕ್ಟ್ರಾನ್ ಕಳೆದುಕೊಂಡ) ಕಬ್ಬಿಣ ಬರೆಯುವಾಗ ಕೊನೆಗೆ ತುಂಬಿದ್ದು 3ಡಿ ತಾನೇ ಎಂದು ಅಲ್ಲಿಂದ ತೆಗೆಯಬೇಡಿ. 3ಡಿ ತುಂಬತೊಡಗಿದ ಮೇಲೆ ಅದು ಹೆಚ್ಚು ಬಿಗಿಯಾಗಿ ಹಿಡಿತಕ್ಕೆ ಸಿಕ್ಕಿರುತ್ತದೆ, ಹೊರಗಿರುವುದು 4ಎಸ್. ಹೊರಗಿನದೇ ಮೊದಲು ಹೋಗುತ್ತದೆ. ಹಾಗಾಗಿ [ಆರ್ಗಾನ್] 3ಡಿ⁶; ಮೂರು ಧನಾವೇಶವಾದರೆ 3ಡಿ⁵.

ಇನ್ನು ನಿಯಮ ಮುರಿಯುವವರು. ಕ್ರೋಮಿಯಂ 3ಡಿ⁵ 4ಎಸ್¹, ತಾಮ್ರ 3ಡಿ¹⁰ 4ಎಸ್¹. ಅರ್ಧ ಅಥವಾ ಪೂರ್ತಿ ತುಂಬಿದ ಡಿ ಹೆಚ್ಚು ಸ್ಥಿರ ಎನ್ನುವುದು ಪುಸ್ತಕದ ವಿವರಣೆ. ಪರೀಕ್ಷೆಗೆ ಸಾಕು, ಆದರೆ ಅದನ್ನು ಎಲ್ಲ ಕಡೆ ನಂಬಬೇಡಿ. ಕ್ರೋಮಿಯಂನದೇ ಗುಂಪಿನ ಟಂಗ್‌ಸ್ಟನ್ 5ಡಿ⁴ 6ಎಸ್² ಆಗಿಯೇ ಇದೆ. ತಾಮ್ರದ ಕೆಳಗಿರುವ ಬೆಳ್ಳಿ, ಚಿನ್ನ ಮಾತ್ರ ತಾಮ್ರದ ದಾರಿಯನ್ನೇ ಹಿಡಿದಿವೆ. ಪಲ್ಲೇಡಿಯಂ ಇನ್ನೂ ವಿಚಿತ್ರ: 4ಡಿ¹⁰ ತುಂಬಿ 5ಎಸ್ ಖಾಲಿ. ಪಟ್ಟಿ ದೊಡ್ಡದಿದೆ, ಪಿಯು ಮಟ್ಟಕ್ಕೆ ಕ್ರೋಮಿಯಂ, ತಾಮ್ರ ಗಟ್ಟಿಯಾಗಿದ್ದರೆ ಸಾಕು.

ಅಭ್ಯಾಸಕ್ಕೆ ಮೂರು: ಬ್ರೋಮಿನ್ (35), ಎರಡು ಧನಾವೇಶದ ಮ್ಯಾಂಗನೀಸ್ (25), ಸೀಸ (82). ಮೊದಲು ನೀವೇ ಬರೆದು ಆಮೇಲೆ ತಾಳೆ ನೋಡಿ. ಬ್ರೋಮಿನ್: [ಆರ್ಗಾನ್] 3ಡಿ¹⁰ 4ಎಸ್² 4ಪಿ⁵. ಮ್ಯಾಂಗನೀಸ್ ಅಯಾನು: [ಆರ್ಗಾನ್] 3ಡಿ⁵. ಸೀಸ: [ಕ್ಸೆನಾನ್] 4ಎಫ್¹⁴ 5ಡಿ¹⁰ 6ಎಸ್² 6ಪಿ². ಸೀಸದಲ್ಲಿ ನಿಮಗೆ 14 ಕಡಿಮೆ ಬಿದ್ದಿದ್ದರೆ, ಕೋಷ್ಟಕದ ಕೆಳಗಿನ ಸಾಲನ್ನು ಮರೆತಿದ್ದೀರಿ.