ಟೇಪು ಹಿಡಿದು ಆರಿಸಿದ ಗೇಮಿಂಗ್ ಕುರ್ಚಿ

ಕುರ್ಚಿ ಹುಡುಕಲು ಹೊರಡುವ ಮುಂಚೆ ಟೇಪು ಹಿಡಿದು ನನ್ನನ್ನೇ ಅಳೆದುಕೊಂಡೆ. ಕೆಲಸದ ದಿನ ಎರಡು ಮೂರು ಗಂಟೆ, ರಜೆ ಇದ್ದರೆ ಐದಾರು ಗಂಟೆ ಕಂಪ್ಯೂಟರ್ ಗೇಮ್ ಆಡುವವನು ನಾನು. ಸೊಂಟ ಹಿಡಿದುಕೊಳ್ಳುವುದು, ತೊಡೆ ಜೋಮು ಹಿಡಿಯುವುದು, ಬಲ ಭುಜ ಕಲ್ಲಿನಂತಾಗುವುದು, ಮೂರೂ ಇದ್ದವು. ಖರ್ಚು ಮಾಡಲು ಜಾಸ್ತಿ ದುಡ್ಡಿರಲಿಲ್ಲ. ಹಾಗಾಗಿ ಅಂದ ಆಮೇಲೆ, ಅಳತೆ ಮೊದಲು ಅಂದುಕೊಂಡೆ.

ಬೇಕಾದದ್ದು ನಾಲ್ಕೇ ಅಳತೆ. ಮನೆಯಲ್ಲಿ ಬರಿಗಾಲಲ್ಲೇ ಆಡುತ್ತೇನೆ, ಅದಕ್ಕೆ ಬರಿಗಾಲಲ್ಲೇ ಅಳೆದೆ. ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ 43 ಸೆಂ.ಮೀ. ಗೋಡೆಗೆ ಬೆನ್ನು ಒತ್ತಿ ಕೂತರೆ ಗೋಡೆಯಿಂದ ಅದೇ ಮಡಿಕೆಗೆ 47. ತೋಳು ಸಡಿಲ ಬಿಟ್ಟು ಮೊಣಕೈ ಮಡಚಿದರೆ, ಕೂತ ಜಾಗದಿಂದ ಮೊಣಕೈಗೆ 23. ಕೊನೆಯದು ಮೇಜಿನ ಎತ್ತರ, 75.

ಈಗ ಸಣ್ಣ ಲೆಕ್ಕ. ಕೀಬೋರ್ಡ್ ಮೇಲೆ ಕೈ ಇಟ್ಟಾಗ ಭುಜ ಮೇಲೇರಬಾರದು ಅಂದರೆ ಮೊಣಕೈ ಹೆಚ್ಚುಕಡಿಮೆ ಮೇಜಿನ ಮಟ್ಟಕ್ಕೆ ಬರಬೇಕು. 75ರಲ್ಲಿ 23 ಕಳೆದರೆ 52. ಅಂದರೆ ಸೀಟು ನೆಲದಿಂದ 52 ಸೆಂ.ಮೀ. ಎತ್ತರಕ್ಕಿರಬೇಕು. ಆದರೆ ನನ್ನ ಕಾಲು ಕೇಳುವುದು 43. ನಡುವೆ 9 ಸೆಂ.ಮೀ. ಜಗಳ! ಕುರ್ಚಿ ತಗ್ಗಿಸಿದರೆ ಗಂಟೆಗಟ್ಟಲೆ ಭುಜ ಎತ್ತಿಕೊಂಡೇ ಆಡಬೇಕು. ಏರಿಸಿದರೆ ಪಾದ ನೇತಾಡಿ, ಸೀಟಿನ ಮುಂದಿನ ಅಂಚು ತೊಡೆಗೆ ಒತ್ತುತ್ತದೆ. ಭುಜನೋವು, ಜೋಮು ಎರಡಕ್ಕೂ ಕಾರಣ ಸಿಕ್ಕಿತು. ಎಂಥಾ ದುಬಾರಿ ಕುರ್ಚಿ ತಂದರೂ ಇದು ಸರಿಹೋಗುವುದಿಲ್ಲ. ಮೇಜು ತಗ್ಗಬೇಕು, ಇಲ್ಲವೇ ನೆಲ ಏರಬೇಕು. ನೆಲ ಏರಿಸುವುದು ಸುಲಭ: ಕಾಲ ಕೆಳಗೆ ಅಗಲವಾದ ಒಂದು ಮರದ ಮಣೆ. ಕುರ್ಚಿಯಿಂದ ಬೇಕಾದದ್ದು ಇಷ್ಟೇ, ಅದರ ಗ್ಯಾಸ್ ಲಿಫ್ಟ್, ಅಂದರೆ ಸೀಟನ್ನು ಏರಿಸಿ ಇಳಿಸುವ ಸಿಲಿಂಡರ್, 52ರವರೆಗೂ ಏರಬೇಕು.

ಸೀಟಿನ ಉದ್ದವೂ ಲೆಕ್ಕದಿಂದಲೇ ಬಂತು. ಬೆನ್ನು ಹಿಂದಕ್ಕೆ ತಾಗಿಸಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ಮಧ್ಯೆ ಮೂರು ಬೆರಳು ಹೋಗುವಷ್ಟು ಜಾಗ ಬೇಕು. ನನಗೆ 42 ಸೆಂ.ಮೀ. ಆಸುಪಾಸು ಸಾಕು. ಸೀಟು ಇದಕ್ಕಿಂತ ಉದ್ದವಿದ್ದರೆ ಗೊತ್ತಿಲ್ಲದೇ ಮುಂದಕ್ಕೆ ಜಾರಿ ಕೂರುತ್ತೇವೆ. ಆಗ ಸೊಂಟಕ್ಕೆ ಆಸರೆ ಇದ್ದೂ ಇಲ್ಲದ ಹಾಗೆ.

ಈ ನಂಬರುಗಳನ್ನು ಫೋನಿನಲ್ಲಿ ಬರೆದುಕೊಂಡು ಮೊದಲು ನೋಡಿದ್ದು ರೇಸಿಂಗ್ ಕಾರಿನ ಸೀಟಿನಂಥ ಗೇಮಿಂಗ್ ಚೇರ್‌ಗಳನ್ನೇ. 2006ರಲ್ಲಿ ಡಿಎಕ್ಸ್‌ರೇಸರ್ ಕಂಪನಿ ಇಂಥ ಕುರ್ಚಿ ತಂದ ಮೇಲೆ ಈ ಆಕಾರವೇ ಗೇಮಿಂಗ್ ಚೇರ್ ಅನ್ನುವಂತಾಗಿದೆ. ನೋಡಲು ಭರ್ಜರಿ, ಇಲ್ಲ ಅನ್ನಲ್ಲ. ಆದರೆ ಕಾರಿನ ಸೀಟಿಗೆ ಎರಡು ಬದಿಯೂ ಉಬ್ಬು ಇರುವುದು ತಿರುವಿನಲ್ಲಿ ಡ್ರೈವರ್ ಪಕ್ಕಕ್ಕೆ ವಾಲದಿರಲಿ ಅಂತ. ನನ್ನ ರೂಮಿನಲ್ಲಿ ಯಾವ ತಿರುವೂ ಬರುವುದಿಲ್ಲ. ಭುಜದ ಹತ್ತಿರದ ಆ ಎರಡು ತೂತು ರೇಸಿಂಗ್ ಕಾರಿನಲ್ಲಿ ಸೀಟ್ ಬೆಲ್ಟ್ ಹಾಯಿಸಲಿಕ್ಕೆ. ಇಲ್ಲಿ ಅದರಲ್ಲಿ ದಿಂಬಿನ ಪಟ್ಟಿ ತೂರಿಸಿರುತ್ತಾರೆ. ನಾನು ಕಾಲು ಮಡಚಿಕೊಂಡು, ಒಂದು ಕಡೆಗೆ ವಾಲಿಕೊಂಡು, ಹೇಗೆ ಬೇಕೋ ಹಾಗೆ ಕೂರುವವನು. ಸೀಟಿನ ಬದಿಯ ಉಬ್ಬು ಒತ್ತಿ ನೋಡಿದರೆ ತೆಳು ಫೋಮಿನ ಒಳಗೆ ಕಬ್ಬಿಣದ ಪೈಪು ಕೈಗೆ ಸಿಕ್ಕಿತು. ಅಲ್ಲಿಗೆ ಅದು ಬೇಡ ಅನಿಸಿತು.

ಇನ್ನೊಂದು ಮಾತು ಹಿಂದಕ್ಕೆ ಒರಗುವ ಬಗ್ಗೆ. ಲಿವರ್ ಎಳೆದರೆ ಪೂರ್ತಿ ಮಲಗುವಷ್ಟು ಬಾಗುತ್ತದೆ ಅನ್ನುವುದನ್ನೇ ದೊಡ್ಡದಾಗಿ ಹೇಳುತ್ತಾರೆ. ನಾನು ನೋಡಿದ್ದು ಬೇರೆ: ಒರಗುವಾಗ ಅಂಗಿ ಏನಾಗುತ್ತದೆ? ಬೆನ್ನಿನ ಭಾಗ ಮಾತ್ರ ಬಾಗಿ ಸೀಟು ಅಲ್ಲಾಡದೆ ನಿಂತರೆ ಅಂಗಿ ಮೇಲಕ್ಕೆ ಎಳೆದುಕೊಳ್ಳುತ್ತದೆ, ಮೈ ಮುಂದಕ್ಕೆ ಜಾರುತ್ತದೆ. ಒಳ್ಳೆಯ ಆಫೀಸ್ ಚೇರ್‌ನಲ್ಲಿ ಸಿಂಕ್ರೋ ಟಿಲ್ಟ್ ಇರುತ್ತದೆ. ಬೆನ್ನು ಎರಡು ಡಿಗ್ರಿ ಬಾಗಿದರೆ ಸೀಟೂ ಒಂದು ಡಿಗ್ರಿಯಷ್ಟು ಬಾಗುತ್ತದೆ. ಅಂಗಿ ಇದ್ದಲ್ಲೇ ಇರುತ್ತದೆ. ಜತೆಗೆ ಸೀಟಿನ ಅಡಿಯ ತಿರುಪನ್ನು ನಮ್ಮ ತೂಕಕ್ಕೆ ತಕ್ಕಂತೆ ಬಿಗಿ ಮಾಡಿಕೊಂಡರೆ, ಲಾಕ್ ಹಾಕದೆಯೇ ಹಿಂದೆ ಮುಂದೆ ಆಡುತ್ತಾ ಕೂರಬಹುದು.

ಒರಗುವುದು ಸೋಮಾರಿತನ ಅಂತ ಬೈಯುವವರಿಗೆ ಒಂದು ಉತ್ತರವಿದೆ. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 22 ಜನರನ್ನು ಬೇರೆ ಬೇರೆ ಭಂಗಿಯಲ್ಲಿ ಕೂರಿಸಿ ಎಂಆರ್‌ಐ ತೆಗೆದು ನೋಡಿದರು. 90 ಡಿಗ್ರಿ ನೆಟ್ಟಗೆ ಕೂತದ್ದಕ್ಕಿಂತ 135 ಡಿಗ್ರಿ ಒರಗಿದಾಗ ಬೆನ್ನುಮೂಳೆಯ ಡಿಸ್ಕ್‌ಗಳ ಮೇಲೆ ಒತ್ತಡ ಕಡಿಮೆ ಎಂದು ಕಂಡುಬಂತು. 135ರಲ್ಲಿ ಕೀಬೋರ್ಡ್ ಎಟುಕುವುದಿಲ್ಲ, ಅದು ಬೇರೆ ವಿಷಯ. ಮೌಸ್ ಹಿಡಿದಾಗ ನಾನು ನೆಟ್ಟಗಿಂತ ಚೂರು ಹಿಂದೆ ಇರುತ್ತೇನೆ. ಕಂಟ್ರೋಲರ್ ಹಿಡಿದಾಗ ಆರಾಮಾಗಿ ಒರಗುತ್ತೇನೆ. ಎರಡೂ ಭಂಗಿಗೆ ಒಗ್ಗುವ ಕುರ್ಚಿಯೇ ಬೇಕಿತ್ತು.

ಇಷ್ಟೆಲ್ಲ ಇರುವ ಹೊಸ ಆಫೀಸ್ ಚೇರ್ ನನ್ನ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ. ಕಂಪನಿಗಳು ಆಫೀಸ್ ಬದಲಾಯಿಸುವಾಗ, ಮುಚ್ಚುವಾಗ ಕುರ್ಚಿಗಳನ್ನು ರಾಶಿಗಟ್ಟಲೆ ಮಾರುತ್ತವೆ. ದಿನವಿಡೀ ಕೂರುವವರಿಗೆ ಅಂತಲೇ ಮಾಡಿದ ಗಟ್ಟಿ ಮಾಲು, ಹೊಸದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕೂಡ ನೋಡಿದೆ. 1994ರಿಂದ ಬರುತ್ತಿರುವ ಕುರ್ಚಿ ಅದು, ಎ, ಬಿ, ಸಿ ಅಂತ ಮೂರು ಸೈಜು. ಬೆನ್ನಿನ ಚೌಕಟ್ಟಿನ ಮೇಲ್ತುದಿಯ ಹಿಂಬದಿಗೆ ಬೆರಳಾಡಿಸಿದರೆ ಸಣ್ಣ ಉಬ್ಬು ಚುಕ್ಕೆಗಳು ಸಿಗುತ್ತವೆ. ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಕೂತರೆ ಹಿತವಾಗೇ ಇತ್ತು, ಆದರೆ ಹಳೆಯದಾದರೂ ಅದರ ಬೆಲೆ ನನ್ನ ಲೆಕ್ಕ ಮೀರಿತ್ತು. ಕಾಲು ಮಡಚಿದರೆ ಸೀಟಿನ ಗಟ್ಟಿ ಚೌಕಟ್ಟು ಒತ್ತುತ್ತಿತ್ತು ಕೂಡ. ಕೊನೆಗೆ ಬೆನ್ನಿಗೆ ಬಲೆಯಂಥ ಮೆಶ್, ಸೀಟಿಗೆ ಬಟ್ಟೆ ಹೊದಿಸಿದ ಫೋಮ್ ಇರುವ ಒಂದು ಸಾದಾ ಕರಿ ಕುರ್ಚಿ ಸಿಕ್ಕಿತು.

ಬಟ್ಟೆ ಅಂತ ಹಟ ಹಿಡಿಯಲು ಕಾರಣವಿದೆ. ಲೆದರ್ ಅಂತ ಮಾರುವ ಅಗ್ಗದ ಹೊದಿಕೆ ಹೆಚ್ಚಾಗಿ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಪದರ. ಬೆವರು, ತೇವ ತಗುಲಿ ಅದು ನಿಧಾನಕ್ಕೆ ಕೆಡುತ್ತದೆ. ಆಮೇಲೆ ಚಕ್ಕೆ ಚಕ್ಕೆಯಾಗಿ ಎದ್ದು ಮೈಗೆಲ್ಲ ಅಂಟುತ್ತದೆ. ಗಂಟೆಗಟ್ಟಲೆ ಕೂತರೆ ಬೆನ್ನು ಒದ್ದೆಯಾಗುವುದು ಇನ್ನೊಂದು ಕಾಟ.

ಹಳೇ ಕುರ್ಚಿ ಪರೀಕ್ಷೆ ಮಾಡುವಾಗ ಮಾರುವವನಿಗೆ ಬೇಜಾರಾದರೂ ಪರವಾಗಿಲ್ಲ, ಆತುರ ಬೇಡ. ನಾನು ಸೀಟನ್ನು ಪೂರ್ತಿ ಏರಿಸಿ, ಎತ್ತರ ಅಳೆದು, ಕೂತೆ. ಮಾತಾಡುತ್ತಾ ಆಡುತ್ತಾ ಕೂತೇ ಇದ್ದೆ. ಎದ್ದಮೇಲೆ ಮತ್ತೆ ಅಳೆದೆ. ಕುಸಿದಿದ್ದರೆ ಗ್ಯಾಸ್ ಲಿಫ್ಟ್ ಹೋಗಿದೆ ಅಂತ ಅರ್ಥ. ಅದನ್ನು ಬದಲಾಯಿಸಬಹುದು, ಚೌಕಾಸಿಗೂ ಒಳ್ಳೇ ದಾರಿ. ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಇರುತ್ತದೆ, ಹಾಗಾಗಿ ಆ ಸಿಲಿಂಡರನ್ನು ಮಾತ್ರ ಬಿಚ್ಚುವ, ಕೊರೆಯುವ ಸಾಹಸ ಬೇಡ. ಆಮೇಲೆ ಕುರ್ಚಿ ಮಗುಚಿ ಐದು ಕಾಲಿನ ಬುಡದಲ್ಲಿ ಬಿರುಕು ಇದೆಯಾ ನೋಡಿದೆ. ಫೋಮನ್ನು ಮುಷ್ಟಿಯಿಂದ ಒತ್ತಿದೆ, ಅಡಿಯ ಹಲಗೆ ತಾಗಲಿಲ್ಲ. ಗಾಲಿಗಳು ಸವೆದಿದ್ದವು. ಅದು ದೊಡ್ಡ ವಿಷಯವಲ್ಲ, ಹೆಚ್ಚಿನ ಕುರ್ಚಿಗಳ ಗಾಲಿಗೆ 11 ಮಿ.ಮೀ. ಕಡ್ಡಿ ಇರುತ್ತದೆ. ಜೋರಾಗಿ ಎಳೆದರೆ ಕಿತ್ತು ಬರುತ್ತದೆ, ಹೊಸದನ್ನು ಒತ್ತಿದರೆ ಕೂರುತ್ತದೆ. ಟೈಲ್ಸ್ ನೆಲಕ್ಕೆ ಅಂತ ಮೆತ್ತನೆಯ ಪಾಲಿಯುರೆಥೇನ್ ಗಾಲಿ ಹಾಕಿಸಿಕೊಂಡೆ. ಗಡಗಡ ಸದ್ದು ನಿಂತಿತು.

ಜಾಸ್ತಿ ತಲೆ ಕೆಡಿಸಿದ್ದು ಕೈ ಇಡುವ ಆರ್ಮ್‌ರೆಸ್ಟ್. ಮೇಲೆ ಕೆಳಗೆ, ಹಿಂದೆ ಮುಂದೆ, ಅಕ್ಕಪಕ್ಕ ಸರಿದು, ತಿರುಗಲೂ ತಿರುಗಿದರೆ ಅದಕ್ಕೆ 4ಡಿ ಅನ್ನುತ್ತಾರೆ. ನನ್ನದು ಮೇಲೆ ಕೆಳಗೆ ಮತ್ತು ಹಿಂದೆ ಮುಂದೆ ಮಾತ್ರ. ಮೊಣಕೈ ಎತ್ತರಕ್ಕೆ ಇಟ್ಟರೆ ಅದೂ ಮೇಜೂ ಒಂದೇ ಮಟ್ಟ. ಎರಡೂ ಢಿಕ್ಕಿ ಹೊಡೆದು, ಕುರ್ಚಿ ಮೇಜಿನ ಹತ್ತಿರ ಬರುವುದೇ ಇಲ್ಲ! ನಾನು ಮೌಸ್ ಸೆನ್ಸಿಟಿವಿಟಿ (ಮೌಸ್ ಸರಿಸಿದರೆ ಪರದೆಯ ಮೇಲೆ ಎಷ್ಟು ಸರಿಯುತ್ತದೆ ಅನ್ನುವುದು) ಕಡಿಮೆ ಇಟ್ಟು ಇಡೀ ಕೈ ಬೀಸಿ ಆಡುವವನು, ಬಲಗಡೆಯದು ಅಡ್ಡವೇ ಜಾಸ್ತಿ. ಹಾಗಾಗಿ ಬಲಗಡೆಯದನ್ನು ಪೂರ್ತಿ ಇಳಿಸಿ ಮುಂಗೈಯನ್ನು ಮೇಜಿನ ಮೇಲೇ ಇಡುತ್ತೇನೆ. ಎಡಗಡೆಯದನ್ನು ಹಿಂದಕ್ಕೆ ಸರಿಸಿ ಬಿಟ್ಟಿದ್ದೇನೆ. ಕಂಟ್ರೋಲರ್ ಹಿಡಿದಾಗ ಎರಡನ್ನೂ ಏರಿಸುತ್ತೇನೆ. ನೋಡಿದವರಿಗೆ ಕುರ್ಚಿ ಸೊಟ್ಟಗಿದೆ ಅನಿಸಬಹುದು, ಭುಜಕ್ಕೆ ಮಾತ್ರ ಸುಖ.

ತಲೆದಿಂಬು ಇಲ್ಲ, ಬೇಕು ಅಂತಲೂ ಅನಿಸಿಲ್ಲ. ಸೊಂಟದ ಆಸರೆಯನ್ನು ಬೆಲ್ಟು ಕಟ್ಟುವ ಜಾಗದಿಂದ ಸ್ವಲ್ಪ ಮೇಲಕ್ಕೆ ಇಟ್ಟಿದ್ದೇನೆ. ಮಾನಿಟರ್ ಅನ್ನು ಎಲ್ಲ ಆದಮೇಲೆ ಎತ್ತರಿಸಿದೆ, ಸೀಟು ಏರಿದ ಮೇಲೆ ಕಣ್ಣೂ ಏರುತ್ತದಲ್ವಾ. ಮ್ಯಾಚ್ ಮುಗಿದು ಮುಂದಿನದು ಲೋಡ್ ಆಗುವವರೆಗೆ ಎದ್ದು ನಿಲ್ಲುತ್ತೇನೆ. ಸೊಂಟನೋವು ಪೂರ್ತಿ ಹೋಯಿತು ಅನ್ನಲಾರೆ, ತೀರಾ ಕಡಿಮೆಯಾಗಿದೆ. ತೊಡೆಯ ಜೋಮು ಮಣೆ ಇಟ್ಟ ಮೇಲೆ ಬಂದಿಲ್ಲ.

ಹಳೇ ಕುರ್ಚಿಯ ಒಂದು ಚಾಳಿ ಉಳಿದಿದೆ. ಹಿಂದಕ್ಕೆ ಒರಗಿದರೆ ಕಿರ್ ಅನ್ನುತ್ತದೆ. ಗ್ರೀಸ್ ಹಾಕಿದೆ, ಕಡಿಮೆಯಾಯಿತು, ನಿಂತಿಲ್ಲ. ಹೆಡ್‌ಫೋನ್ ಹಾಕಿಕೊಂಡ ನನಗೆ ಏನೂ ಕೇಳಿಸುವುದಿಲ್ಲ. ಮೈಕ್‌ನಲ್ಲಿ ಟೀಮಿನವರಿಗೆ ಮಾತ್ರ ಚೆನ್ನಾಗಿ ಕೇಳಿಸುತ್ತದಂತೆ.