ಅಮ್ಮನ ಚಿತಾಭಸ್ಮವನ್ನು ವಿಮಾನದಿಂದ ಬಿಟ್ಟ ಬಗೆ

ಕಿಟಕಿಯಿಂದ ಬೂದಿ ಸುರಿದರೆ ಅರ್ಧ ಒಳಗೇ ವಾಪಸ್ ಬರುತ್ತದೆ ಅನ್ನೋದು ವಿಮಾನ ಹಾರಿಸುವವರಿಗೆಲ್ಲ ಗೊತ್ತು. ಅಮ್ಮನ ಚಿತಾಭಸ್ಮವನ್ನು ಮೇಲಿಂದಲೇ ಬಿಡುತ್ತೇನೆ ಅಂದಾಗ ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಎಲ್ಲರದ್ದೂ ಇದೇ ಮಾತು. "ಸೀಟು, ರೇಡಿಯೊ ಸಂದಿ, ಎಲ್ಲ ಕಡೆ ಕೂರುತ್ತದೆ, ಬೇಡ ಬಿಡು" ಅಂದರು. ನಮ್ಮ ವಿಮಾನದಲ್ಲಿ ಒಂದು ಚಿಟಿಕೆಯೂ ಒಳಗೆ ಬೀಳಲಿಲ್ಲ.

ಬೂದಿ ಅಂದರೆ ಒಲೆಯ ಬೂದಿ ಅಂದುಕೊಳ್ಳಬೇಡಿ. ಇದು ಪುಡಿ ಮಾಡಿದ ಮೂಳೆ. ಎರಡರಿಂದ ಮೂರು ಕಿಲೋ ತೂಗುತ್ತದೆ. ಅದರಲ್ಲಿ ಮರಳಿನಂಥ ಕಾಳೂ ಇರುತ್ತದೆ, ಹಿಟ್ಟಿನಂಥ ನಯವೂ ಇರುತ್ತದೆ. ಕಾಳು ನೇರ ಕೆಳಗಿಳಿಯುತ್ತದೆ, ತೊಂದರೆ ಕೊಡೋದು ಆ ನಯವಾದ ಪುಡಿ. ಹಾಗಾಗಿ ಅಭ್ಯಾಸಕ್ಕೆಂದು ಮೊದಲು ಸೌದೆ ಬೂದಿಯಲ್ಲಿ ಮಾಡಿದ ಪ್ರಯೋಗ ದಂಡವಾಯಿತು. ಅದು ತೀರಾ ಹಗುರ. ಸಣ್ಣ ಮರಳಿಗೆ ಸೀಮೆಸುಣ್ಣದ ಪುಡಿ ಬೆರೆಸಿದ ಮೇಲೆ ಹೆಚ್ಚುಕಡಿಮೆ ಚಿತಾಭಸ್ಮದ ಗುಣವೇ ಬಂತು.

ವಿಮಾನ ಸೆಸ್ನಾ 172, ರೆಕ್ಕೆ ಮೇಲಿರುವ ನಾಲ್ಕು ಸೀಟಿನ ಪುಟ್ಟ ವಿಮಾನ. ಬಲಗಿಟಕಿಯೂ ತೆರೆಯುವಂಥದ್ದು. ಮೊದಲು ಬಟ್ಟೆ ಚೀಲಕ್ಕೆ ಜಾರುಗಂಟು ಹಾಕಿ, ಹೊರಗೆ ಹಿಡಿದು ಬಿಚ್ಚಿ ನೋಡಿದೆವು. ಚೀಲ ಪಟಪಟ ಬಡಿದು, ಪುಡಿಯೆಲ್ಲ ಬಾಗಿಲಿಗೆ ಮೆತ್ತಿಕೊಂಡಿತು. ಆಮೇಲೆ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆ. ಅದು ಎಳೆಯಿತು, ನಿಜ. ಆದರೆ ಒಳಗಿನ ಸುರುಳಿಗಳಲ್ಲಿ ಪುಡಿ ಉಳಿದುಬಿಟ್ಟಿತು. ಅಮ್ಮನನ್ನು ಕೊಳವೆಯಲ್ಲಿ ಬಿಟ್ಟು ಬರೋಕೆ ಆಗುತ್ತಾ?

ಕೊನೆಗೆ ಕೈ ಹಿಡಿದದ್ದು ನುಣುಪಾದ ಅಲ್ಯೂಮಿನಿಯಂ ಪೈಪು. ಹೊರತುದಿಯನ್ನು ಓರೆಯಾಗಿ ಕತ್ತರಿಸಿ, ಬಾಯಿ ಹಿಂದಕ್ಕೆ ಬರುವಂತೆ ಇಟ್ಟೆ. ತುದಿ ವಿಮಾನದ ಮೈಯಿಂದ ಒಂದು ಮೊಳವಾದರೂ ಆಚೆ ಇರಬೇಕು, ಕೆಳಗೆ ವಾಲಿರಬೇಕು. ಸಾಗುವ ಗಾಳಿಯೇ ಪುಡಿಯನ್ನು ಎಳೆದುಕೊಳ್ಳುತ್ತದೆ. ಒಳತುದಿ ಭಸ್ಮ ತುಂಬಿದ, ಮುಚ್ಚಳವಿರುವ ಡಬ್ಬಿಯೊಳಗೆ. ಡಬ್ಬಿಗೆ ಗಾಳಿ ಹೋಗಲು ತೂತು ಬೇಕೇ ಬೇಕು, ಇಲ್ಲದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಆ ತೂತು ಎಷ್ಟು ದೊಡ್ಡದು, ಎಲ್ಲಿರಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೇ ಜಾಸ್ತಿ ತಲೆ ಕೆಡಿಸಿಕೊಂಡದ್ದು. ವಿಮಾನದ ಮುಂಭಾಗದ ಗಾಳಿಕಿಂಡಿಗಳನ್ನು ಪೂರ್ತಿ ತೆರೆದರೆ ಎಳೆತ ಇನ್ನೂ ಚೆನ್ನಾಗಿರುತ್ತದೆ.

ಹಾರಿಸುವವರು ಹಾರಿಸುವುದನ್ನಷ್ಟೇ ಮಾಡಬೇಕು. ಪೈಪು ಹಿಡಿದದ್ದು ನನ್ನ ತಂಗಿ. ಕೈಜಾರಿದರೆ ಬಾಲಕ್ಕೆ ಬಡಿಯಬಾರದಲ್ವಾ, ಅದಕ್ಕೆ ಪೈಪನ್ನು ಸೀಟಿನ ಬುಡಕ್ಕೆ ಕಟ್ಟಿದ್ದೆವು. ನೆಲದಿಂದ ಸುಮಾರು 1,500 ಅಡಿ, ವೇಗ 70 ನಾಟ್ (ಗಂಟೆಗೆ ಸುಮಾರು 130 ಕಿ.ಮೀ.) ಆಸುಪಾಸು, ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯ ಬಾಗುವ ಪಟ್ಟಿ 10 ಡಿಗ್ರಿ. ಬಲ ರಡ್ಡರ್ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಪೆಡಲ್) ಒತ್ತಿ, ಎಡ ರೆಕ್ಕೆ ಕೊಂಚ ತಗ್ಗಿಸಿದೆ. ಮೂತಿ ಬಲಕ್ಕೆ ತಿರುಗಿದರೆ ಬಾಲ ಎಡಕ್ಕೆ ಸರಿಯುತ್ತದೆ, ಪುಡಿಯ ದಾರಿ ಖಾಲಿಯಾಗುತ್ತದೆ. ಒಂದು ನಿಮಿಷ ಹಿಡಿಯಿತೋ ಏನೋ, ಡಬ್ಬಿ ಖಾಲಿ. ತಂಗಿ ಪೈಪನ್ನು ಬೆರಳಿಂದ ತಟ್ಟಿ ತಟ್ಟಿ ನೋಡಿದಳು. "ಅಮ್ಮ ಪೂರ್ತಿ ಹೋದಳು ಕಣೋ" ಅಂದಳು. ನನಗೆ ಬೇಕಾಗಿದ್ದದ್ದು ಅದೇ ಮಾತು.

ಹೂವಿನ ಎಸಳನ್ನೂ ಜೊತೆಗೆ ಬಿಡೋಣ ಅಂತ ತಂಗಿಗೆ ಆಸೆಯಿತ್ತು. ಪ್ರಯೋಗದಲ್ಲಿ ಹಸಿ ಎಸಳು ಪೈಪಿಗೆ ಅಂಟಿತು. ಒಣಗಿಸಿ ಪುಡಿ ಮಾಡಿದ್ದು ಸಲೀಸಾಗಿ ಹೋಯಿತು. ಅದನ್ನೇ ಬೆರೆಸಿದೆವು.

ದುಡ್ಡಿನ ಮಾತು. ಪೈಪು, ಡಬ್ಬಿ ಎರಡಕ್ಕೂ ಸೇರಿ ಕಾಲು ಗಂಟೆಯ ವಿಮಾನ ಬಾಡಿಗೆಯಷ್ಟೂ ಆಗಲಿಲ್ಲ. ಖರ್ಚಾದದ್ದೆಲ್ಲ ಪ್ರಯೋಗದ ಹಾರಾಟಕ್ಕೆ, ಆಮೇಲೆ ಆ ಚೀಲದ ಪುಡಿ ತೊಳೆಯೋದಕ್ಕೆ. ಇದನ್ನೇ ಕೆಲಸವಾಗಿ ಮಾಡುವವರೊಬ್ಬರು ಹತ್ತು ಗಂಟೆಯ ಬಾಡಿಗೆಯಷ್ಟು ಕೇಳಿದ್ದರು, ಅದೂ ನಾವು ಜೊತೆಯಲ್ಲಿ ಕೂರದೆ! ನನ್ನ ಲೆಕ್ಕ ಅದರ ಅರ್ಧ ದಾಟಲಿಲ್ಲ.

ಹಾರುವ ಮುಂಚೆ ಪುಡಿಯನ್ನು ಜರಡಿ ಹಿಡಿಯಿರಿ. ಲೋಹದ ಚೂರು, ಚಿತಾಗಾರದವರು ಹಾಕಿದ ಗುರುತಿನ ಬಿಲ್ಲೆ ಸಿಕ್ಕರೆ ತೆಗೆದಿಡಿ. ತೇವ ಇದ್ದರೆ ಗಂಟು ಕಟ್ಟುತ್ತದೆ, ಒಣಗಿಸಿ. ಮೇಲಿಂದ ಏನನ್ನಾದರೂ ಬಿಡುವ ನಿಯಮ ಒಂದೊಂದು ಕಡೆ ಒಂದೊಂದು ಥರ, ಮೊದಲೇ ವಿಚಾರಿಸಿ. ರೆಕ್ಕೆ ಕೆಳಗಿರುವ ಪೈಪರ್ ವಿಮಾನದಲ್ಲಿ ಇನ್ನೂ ಮಾಡಿಲ್ಲ. ಅದರ ಎಡಗಡೆಯ ಪುಟ್ಟ ಕಿಟಕಿಗೆ ಹೊಂದುವ ಬಾಗಿದ ಪೈಪು ಈಗ ತಯಾರಾಗುತ್ತಿದೆ.