ಕೊಂಬೆಯನ್ನು ನೀರಿನೊಳಗೇ ಕತ್ತರಿಸಬೇಕು

ಗಿಡ ನೀರು ಕುಡಿಯುವುದನ್ನು ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದಕ್ಕೇ ಪೊಟೋಮೀಟರ್ ಜೋಡಿಸಿದೆ. ಎಲೆಗಳಿರುವ ಒಂದು ಕೊಂಬೆ, ಅದರ ಬುಡಕ್ಕೆ ರಬ್ಬರ್ ಕೊಳವೆ, ಕೊಳವೆಯ ಇನ್ನೊಂದು ತುದಿಗೆ 1 ಮಿಲಿಲೀಟರಿನ ಗಾಜಿನ ಪಿಪೆಟ್, ಅಂದರೆ ಅಳತೆಯ ಗೆರೆಗಳಿರುವ ಸಣ್ಣ ಕೊಳವೆ. ಒಳಗೆಲ್ಲಾ ನೀರು ತುಂಬಿ ಪಿಪೆಟ್ಟಿನ ತುದಿಯಲ್ಲಿ ಒಂದು ಗಾಳಿಗುಳ್ಳೆ ಬಿಡಬೇಕು. ಕೊಂಬೆ ನೀರೆಳೆದಂತೆ ಗುಳ್ಳೆ ಸರಿಯುತ್ತದೆ.

ಮೊದಲ ಮೂರು ಸಲ ಗುಳ್ಳೆ ಅಲ್ಲಾಡಲೇ ಇಲ್ಲ. ಎಲ್ಲೋ ಸೋರುತ್ತಿರಬೇಕು ಅಂತ ಜೋಡಣೆಗಳಿಗೆಲ್ಲಾ ವ್ಯಾಸಲೀನ್ ಮೆತ್ತಿದೆ. ಆದರೂ ಇಲ್ಲ. ಎರಡು ಗಂಟೆಯೊಳಗೆ ಎಲೆಗಳು ಜೋತುಬಿದ್ದವು. ಬುಡ ನೀರಿನಲ್ಲೇ ಇದೆ, ಎಲೆ ಮಾತ್ರ ಬಾಡುತ್ತಿದೆ!

ತಪ್ಪು ಕತ್ತರಿಸಿದ ರೀತಿಯಲ್ಲಿತ್ತು. ಕಾಂಡದಲ್ಲಿ ನೀರು ಹರಿಯುವ ಕ್ಸೈಲಮ್ ಕೊಳವೆಗಳು ಸತ್ತ ಕೋಶಗಳಿಂದ ಆದವು. ಅಲ್ಲಿ ಪಂಪ್ ಏನೂ ಇಲ್ಲ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ, ಹೋದಷ್ಟನ್ನು ಎಲೆ ಕೆಳಗಿನಿಂದ ಎಳೆಯುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬೇರಿನಿಂದ ಎಲೆಯವರೆಗೆ ಒಂದೇ ಎಳೆಯಾಗಿ ಮೇಲೇರುತ್ತವೆ. ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು 1894ರಲ್ಲೇ ಇದನ್ನು ಹೇಳಿದ್ದರು. ಓದಿದ್ದೆ, ಆದರೆ ಕೈಗೆ ಬಂದಿರಲಿಲ್ಲ. ಎಳೆದು ಹಿಡಿದ ದಾರ ಕತ್ತರಿಸಿದರೆ ತುದಿ ಹಿಂದಕ್ಕೆ ಸರಿಯುತ್ತದೆ ಅಲ್ವಾ? ಗಾಳಿಯಲ್ಲಿ ಕತ್ತರಿಸಿದ ಕೂಡಲೇ ನೀರಿನ ಎಳೆಯೂ ಒಳಕ್ಕೆ ಸರಿದು ಆ ಜಾಗಕ್ಕೆ ಗಾಳಿ ನುಗ್ಗಿ ನೀರಿನ ದಾರಿ ಕಟ್ಟಿಹೋಗಿತ್ತು.

ನಾಲ್ಕನೇ ಸಲ ಹೊಸ ಕೊಂಬೆಯ ಬುಡವನ್ನು ಬಕೆಟ್ಟಿನ ನೀರಿನೊಳಗೆ ಹಿಡಿದು, ಹರಿತವಾದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದೆ. ಕೊಳವೆಗೆ ಸೇರಿಸಿದ್ದೂ ನೀರಿನೊಳಗೇ. ಎಲೆ ಒದ್ದೆಯಾಗದಂತೆ ನೋಡಿಕೊಂಡೆ. ಗುಳ್ಳೆ ಹೊರಟಿತು! ಐದು ನಿಮಿಷಕ್ಕೆ 0.05 ಮಿಲಿಲೀಟರ್. ಫ್ಯಾನ್ ಹಾಕಿದೆ, 0.09 ಆಯಿತು. ಎಲೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ, ಹೆಚ್ಚುಕಡಿಮೆ ನಿಂತೇಹೋಯಿತು. ಮೇಲಿನ ಗಾಳಿ ಬದಲಾದರೆ ಕೆಳಗಿನ ಗುಳ್ಳೆಗೆ ಗೊತ್ತಾಗುತ್ತದೆ. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ.

ಆದರೆ ಎಲೆ ಜೋತುಬಿದ್ದದ್ದು ಯಾಕೆ? ಅದಕ್ಕೆ ಕೋಶದೊಳಗೆ ನೋಡಬೇಕು. ಕೆಂಪು ಈರುಳ್ಳಿಯ ತೆಳು ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಉಪ್ಪುನೀರು ಹನಿಸಿದೆ. ಕೋಶದೊಳಗಿನ ನೀರು ಹೊರಗೆ ಹೋಗಿ, ಬಣ್ಣದ ರಸ ಗೋಡೆ ಬಿಟ್ಟು ನಡುವೆ ಮುದುಡಿಕೊಂಡಿತು. ಸಿಹಿನೀರಿನಲ್ಲಿ ತೊಳೆದೆ. ನೋಡನೋಡುತ್ತಲೇ ಮತ್ತೆ ತುಂಬಿಕೊಂಡಿತು. ಕೋಶಪೊರೆಯಲ್ಲಿ ನೀರಿಗೆಂದೇ ಬಾಗಿಲುಗಳಿವೆ, ಅಕ್ವಾಪೋರಿನ್ ಅಂತ. ಕೆಂಪು ರಕ್ತಕಣದಲ್ಲಿ ಅವನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಸಿಕ್ಕಿತು. ಗಿಡದ ಕೋಶಗಳಲ್ಲೂ ಅವು ಇವೆ. ಒಳಗೆ ನೀರು ತುಂಬಿ ಗೋಡೆಯನ್ನು ಒತ್ತುತ್ತಿದ್ದರೆ ಎಲೆ ನೆಟ್ಟಗಿರುತ್ತದೆ. ಆ ಒತ್ತಡ ಹೋದರೆ ಜೋಲುತ್ತದೆ.

ಹಾಗಾದರೆ ಆ ಬಾಡಿದ ಕೊಂಬೆ? ಬುಡದಿಂದ ನಾಲ್ಕು ಬೆರಳು ಮೇಲೆ, ನೀರಿನೊಳಗೇ, ಮತ್ತೊಮ್ಮೆ ಕತ್ತರಿಸಿ ಹಾಗೇ ನೀರಿನಲ್ಲಿ ಬಿಟ್ಟೆ. ಸಂಜೆಯ ಹೊತ್ತಿಗೆ ತುದಿಯ ಎರಡು ಎಲೆ ಬಿಟ್ಟು ಉಳಿದವೆಲ್ಲಾ ಎದ್ದು ನಿಂತಿದ್ದವು.